ಗ್ರಹಗಳ ದ್ರವ್ಯರಾಶಿ: ಒಂದು ಹೋಲಿಕೆ

ಪೀಠಿಕೆ

ಬುಧ, ಶುಕ್ರ, ಮಂಗಳ, ಗುರು ಮತ್ತು ಶನಿ ಗ್ರಹಗಳನ್ನು ಬರಿಗಣ್ಣಿನಿಂದಲೇ ನೋಡಬಹುದಾಗಿದೆ. ಚಾಮರಾಜನಗರ ತಾಲ್ಲೂಕಿನ ಉಡಿಗಾಲದಂತಹ ಗ್ರಾಮಗಳ ಬಯಲಿನಲ್ಲಿ ನಿಂತು ನೋಡುವವರಿಗೆ ಇವೆಲ್ಲವೂ ಕೇವಲ ಬೆಳಕಿನ ಚುಕ್ಕೆಗಳು. ಆದರೆ ಬುಧನಿಗೆ ಹೋಲಿಸಿದರೆ ಗುರುವಿನ ದ್ರವ್ಯರಾಶಿಯು 5,700 ಪಟ್ಟಿಗೂ ಹೆಚ್ಚು. ತಕ್ಕಡಿಯಲ್ಲಿ ಇಡಲಾಗದ ಈ ಕಾಯಗಳನ್ನು ಅಳೆಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ದ್ರವ್ಯರಾಶಿ ಮತ್ತು ತೂಕ

ಒಂದು ವಸ್ತುವಿನಲ್ಲಿ ಅಡಕವಾಗಿರುವ ದ್ರವ್ಯದ ಪರಿಮಾಣವೇ ದ್ರವ್ಯರಾಶಿ. ಆ ವಸ್ತುವನ್ನು ಗ್ರಹವು ತನ್ನತ್ತ ಸೆಳೆಯುವ ಬಲವೇ ತೂಕ. ಭೂಮಿಯಲ್ಲಿ 100 ಕೆ.ಜಿ. ತೂಗುವ ರಾಗಿ ಮೂಟೆಯನ್ನು ಮಂಗಳ ಗ್ರಹಕ್ಕೆ ಒಯ್ದು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಮುಳ್ಳು ಸುಮಾರು 38ನ್ನು ತೋರಿಸುತ್ತದೆ. ಮೂಟೆಯಲ್ಲಿನ ಒಂದು ಕಾಳು ರಾಗಿಯೂ ಕಡಿಮೆಯಾಗಿರುವುದಿಲ್ಲ.

ಅಳೆಯುವ ವಿಧಾನ

ಗ್ರಹದ ದ್ರವ್ಯರಾಶಿ ಹೆಚ್ಚಿದಷ್ಟೂ ಅದನ್ನು ಒಂದೇ ದೂರದಲ್ಲಿ ಸುತ್ತುವ ಉಪಗ್ರಹವು ಬೇಗ ಸುತ್ತುತ್ತದೆ. ಸರಾಸರಿ ದೂರದ ಘನವನ್ನು ಸುತ್ತುವ ಕಾಲದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯು ಗ್ರಹದ ದ್ರವ್ಯರಾಶಿಗೆ ಅನುಗುಣವಾಗಿರುತ್ತದೆ. ಚಂದ್ರರಿಲ್ಲದ ಶುಕ್ರ ಮತ್ತು ಬುಧ ಗ್ರಹಗಳ ನಿಖರ ಅಳತೆಗೆ ಅವುಗಳ ಸಮೀಪ ಹಾದುಹೋದ ಮ್ಯಾರಿನರ್ 2 (1962) ಮತ್ತು ಮ್ಯಾರಿನರ್ 10 (1974) ನೌಕೆಗಳು ನೆರವಾದವು.

ಕರ್ನಾಟಕದಿಂದ ಎರಡು ಉದಾಹರಣೆಗಳು

ಹಾಸನದಲ್ಲಿ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಅಲ್ಲಿಂದ ನಿಯಂತ್ರಿಸಲಾಗುವ ಭೂಸ್ಥಿರ ಉಪಗ್ರಹಗಳು ಭೂಮಿಯ ಕೇಂದ್ರದಿಂದ ಸುಮಾರು 42,164 ಕಿ.ಮೀ. ದೂರದಲ್ಲಿದ್ದು, 23 ಗಂಟೆ 56 ನಿಮಿಷಗಳಲ್ಲಿ ಒಂದು ಸುತ್ತು ಪೂರೈಸುತ್ತವೆ.

ಬೆಂಗಳೂರಿನಿಂದ ನಿಯಂತ್ರಿಸಲಾದ ಮಂಗಳಯಾನ ನೌಕೆಯು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಮೇಲ್ಮೈಯಿಂದ ಅದರ ಕನಿಷ್ಠ ಎತ್ತರ ಸುಮಾರು 422 ಕಿ.ಮೀ., ಗರಿಷ್ಠ ಎತ್ತರ ಸುಮಾರು 76,994 ಕಿ.ಮೀ. ಇವುಗಳ ಸರಾಸರಿಗೆ ಮಂಗಳನ ತ್ರಿಜ್ಯ 3,390 ಕಿ.ಮೀ. ಸೇರಿಸಿದರೆ, ಕೇಂದ್ರದಿಂದ ಸರಾಸರಿ ದೂರ ಸುಮಾರು 42,098 ಕಿ.ಮೀ. ಆಗುತ್ತದೆ. ಇದು ಭೂಸ್ಥಿರ ಉಪಗ್ರಹಗಳ ದೂರಕ್ಕೆ ಬಹುತೇಕ ಸಮ. ಆದರೆ ಮಂಗಳಯಾನಕ್ಕೆ ಒಂದು ಸುತ್ತಿಗೆ ಬೇಕಾದ ಕಾಲ 72 ಗಂಟೆ 52 ನಿಮಿಷ, ಅಂದರೆ ಸುಮಾರು 3.04 ಪಟ್ಟು. ಇದರ ವರ್ಗ ಸುಮಾರು 9.3. ಆದ್ದರಿಂದ ಮಂಗಳನ ದ್ರವ್ಯರಾಶಿಯು ಭೂಮಿಯದರ ಒಂಬತ್ತನೆಯ ಒಂದು ಭಾಗಕ್ಕಿಂತ ತುಸು ಕಡಿಮೆ, ಅಂದರೆ 0.107. ಪ್ರೌಢಶಾಲಾ ವಿದ್ಯಾರ್ಥಿಗಳೂ ಈ ಲೆಕ್ಕವನ್ನು ಸ್ವತಃ ಮಾಡಬಹುದು.

ಗ್ರಹಗಳ ದ್ರವ್ಯರಾಶಿ (ಭೂಮಿ = 1)

• ಬುಧ: 0.055
• ಶುಕ್ರ: 0.815
• ಭೂಮಿ: 1
• ಮಂಗಳ: 0.107
• ಗುರು: 318
• ಶನಿ: 95
• ಯುರೇನಸ್: 14.5
• ನೆಪ್ಚೂನ್: 17.1

ಭೂಮಿಯ ದ್ರವ್ಯರಾಶಿಯು ಕಿಲೋಗ್ರಾಂಗಳಲ್ಲಿ ಸುಮಾರು 6ರ ಮುಂದೆ 24 ಸೊನ್ನೆಗಳನ್ನು ಬರೆದಷ್ಟು. ಉಳಿದ ಏಳು ಗ್ರಹಗಳನ್ನು ಒಟ್ಟುಗೂಡಿಸಿದರೂ ಗುರುವಿನ ಅರ್ಧದಷ್ಟಾಗುವುದಿಲ್ಲ. ಸೂರ್ಯನಾದರೋ ಭೂಮಿಯ ಸುಮಾರು 3,33,000 ಪಟ್ಟು. ಗಾತ್ರವೊಂದರಿಂದಲೇ ದ್ರವ್ಯರಾಶಿಯನ್ನು ಊಹಿಸಲಾಗದು: ಯುರೇನಸ್ ನೆಪ್ಚೂನಿಗಿಂತ ಗಾತ್ರದಲ್ಲಿ ತುಸು ದೊಡ್ಡದಾದರೂ ದ್ರವ್ಯರಾಶಿಯಲ್ಲಿ ಕಡಿಮೆ. ಶನಿಯ ಸರಾಸರಿ ಸಾಂದ್ರತೆ ನೀರಿಗಿಂತಲೂ ಕಡಿಮೆ.

ಈ ಅಳತೆಯ ಮಹತ್ವ

ಮಂಗಳನನ್ನು ಸಮೀಪಿಸಿದಾಗ ನೌಕೆಯ ಎಂಜಿನನ್ನು ಸುಮಾರು 23 ನಿಮಿಷ ಉರಿಸಿ, ವೇಗವನ್ನು ಸೆಕೆಂಡಿಗೆ 1,099 ಮೀಟರುಗಳಷ್ಟು ತಗ್ಗಿಸಲಾಯಿತು. ಸಾಕಷ್ಟು ತಗ್ಗದಿದ್ದಲ್ಲಿ ನೌಕೆಯು ಮಂಗಳನನ್ನು ದಾಟಿ ಹೋಗುತ್ತಿತ್ತು. ಅತಿಯಾಗಿ ತಗ್ಗಿದಲ್ಲಿ ಮೇಲ್ಮೈಗೆ ಅಪ್ಪಳಿಸುವ ಅಪಾಯವಿತ್ತು. ಅಂದು ರೇಡಿಯೋ ಸಂಕೇತವು ಭೂಮಿಯನ್ನು ತಲುಪಲು ಸುಮಾರು ಹನ್ನೆರಡೂವರೆ ನಿಮಿಷಗಳು ಬೇಕಾಗಿದ್ದುದರಿಂದ ತಕ್ಷಣದ ತಿದ್ದುಪಡಿಗೆ ಅವಕಾಶವಿರಲಿಲ್ಲ. ಆದೇಶಗಳೆಲ್ಲವನ್ನೂ ಮುಂಚಿತವಾಗಿಯೇ ನೌಕೆಯಲ್ಲಿ ಅಳವಡಿಸಲಾಗಿತ್ತು. ಆ ಲೆಕ್ಕಾಚಾರದ ತಳಹದಿಯಲ್ಲಿ ಮಂಗಳನ ದ್ರವ್ಯರಾಶಿಯ ನಿಖರ ಅಳತೆಯಿತ್ತು. 2022ರಲ್ಲಿ ಸಂಪರ್ಕ ಕಡಿದುಹೋಗುವವರೆಗೆ, ಸುಮಾರು ಏಳೂವರೆ ವರ್ಷಗಳ ಕಾಲ, ನೌಕೆಯು ಆ ಕಕ್ಷೆಯಲ್ಲಿ ಕಾರ್ಯ ನಿರ್ವಹಿಸಿತು.