ನಿಮಗಿದು ಗೊತ್ತೆ? ಒಂದೇ ಮೊಟ್ಟೆಯ ಎರೆಭೂತ

ದೇವಣಿ, ನಿಲಂಗಾ ಕಡೆಯವರು ಉಮರ್ಗಾ ದಾಟಿ ಸೊಲ್ಲಾಪುರಕ್ಕೆ ಹೋದರೆ, ಅಲ್ಲಿಂದ ಬಾರ್ಶಿ ರಸ್ತೆಯಲ್ಲಿ ನಾನ್ನಜ್ ಸಿಗುತ್ತದೆ. ನೋಡಿದರೆ ಬರೀ ಹುಲ್ಲುಗಾವಲು. ಮರಾಠಿಗರು ಮಾಳಢೋಕ್ ಎನ್ನುವ, ನಾವು ಎರೆಭೂತ ಎನ್ನುವ ದೊಡ್ಡ ಹಕ್ಕಿಯ ಹಳೆಯ ನೆಲೆಯಿದು.

ಈ ಹಕ್ಕಿಯ ಬೆನ್ನು ಹತ್ತಿದ ಜೀವವಿಜ್ಞಾನಿ ಡಾ. ಅಸದ್ ರಹಮಾನಿ. ಅಲಿಗಢದಲ್ಲಿ ಓದಿ, 1980ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸೇರಿ, ಮಧ್ಯಪ್ರದೇಶದ ಕರೇರಾ ಹಾಗೂ ನಾನ್ನಜ್‌ನ ಬಯಲಲ್ಲಿ ಎರೆಭೂತದ ಬದುಕನ್ನು ಅಧ್ಯಯನ ಮಾಡಿದರು. 1883ರಲ್ಲಿ ಹುಟ್ಟಿದ ಆ ಸಂಸ್ಥೆಗೆ 1997ರಿಂದ 2015ರವರೆಗೆ ಅವರೇ ನಿರ್ದೇಶಕರು. ಕಾಡಿಗೆ ಸಿಗುವ ಮರ್ಯಾದೆ ಹುಲ್ಲುಗಾವಲಿಗೆ ಸಿಗುವುದಿಲ್ಲ ಎಂಬುದು ಅವರ ಹಳೆಯ ತಕರಾರು. ತಕರಾರು ಸರಿಯೇ: ನಮ್ಮ ಕಡತಗಳಲ್ಲಿ ಹುಲ್ಲುಗಾವಲೆಂದರೆ ಬಂಜರು!

ಗಂಡು ಎರೆಭೂತ ಸುಮಾರು 15 ಕಿಲೋ ತೂಗಬಲ್ಲದು. ಹೆಣ್ಣು ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ನಾಯಿ ಬಂದರೂ, ದನ ತುಳಿದರೂ ಆ ವರ್ಷದ ಸಂಸಾರ ಮುಗಿಯಿತು. ಎದುರಿನ ವಿದ್ಯುತ್ ತಂತಿ ಅದರ ಕಣ್ಣಿಗೆ ಬೀಳುವುದೂ ಕಷ್ಟ.

ನಾನ್ನಜ್ ಬಯಲನ್ನೂ ಒಳಗೊಂಡ ಎರೆಭೂತ ಅಭಯಾರಣ್ಯ ಒಮ್ಮೆ 8,496 ಚದರ ಕಿ.ಮೀ. ಇತ್ತು; ಮುಂದೆ ಅದನ್ನು 1,222 ಚದರ ಕಿ.ಮೀ.ಗೆ ಇಳಿಸಲಾಯಿತು.