ಗಂಟನ್ನು ಮುಚ್ಚಿಡಬೇಡಿ

ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ರಾತ್ರಿಯೆಲ್ಲ ಹುಡುಕುವ ನಾವು, ಮನೆಯಾಕೆ ಎದೆಯ ಗಂಟನ್ನು ನಾಲ್ಕು ತಿಂಗಳು ಮುಚ್ಚಿಟ್ಟದ್ದನ್ನು ಅರಿಯಲಿಲ್ಲ. ನಾಚಿಕೆ ಆಕೆಯದು, ಅಲಕ್ಷ್ಯ ನಮ್ಮದು.

ಕೊನೆಗೆ ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಕರೆದೊಯ್ದೆವು. ಮ್ಯಾಮೊಗ್ರಫಿ ಎಂದರೆ ಸ್ತನದ ಎಕ್ಸ್-ರೇ. ಗಂಟು ನೀರಿನದೋ ಗಟ್ಟಿಯದೋ ಎಂಬುದನ್ನು ಸೋನೋಗ್ರಫಿ ತೋರಿಸುತ್ತದೆ. ಸಂಶಯ ಬಂದರೆ ಆ ಜಾಗವನ್ನು ಮರಗಟ್ಟಿಸಿ, ಪರದೆಯಲ್ಲಿ ನೋಡುತ್ತಲೇ ಸೂಜಿಯಿಂದ ಚೂರು ತೆಗೆಯುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂದು ನೆಂಟರು ಹೆದರಿಸಿದ್ದರು. ಡಾಕ್ಟರು ಆ ಭಯ ಬಿಡಿಸಿದರು. ಹೊಲಿಗೆಯಿಲ್ಲ, ಸೂರ್ಯಾಸ್ತದ ಮೊದಲೇ ಮನೆಗೆ ಬಂದು ಊಟ ಮಾಡಿದಳು.

ವರದಿ ಬಂತು: ಕ್ಯಾನ್ಸರ್, ಆದರೆ ಚಿಕ್ಕದು. ಸ್ತನ ಉಳಿಸಿಯೇ ಶಸ್ತ್ರಕ್ರಿಯೆಯಾಯಿತು, ಬಳಿಕ ಕಿರಣ ಚಿಕಿತ್ಸೆ.

ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಯಾವುದು ಹೌದೆಂಬುದು ಮುಚ್ಚಿಟ್ಟರೆ ತಿಳಿಯದು. ಬಂಧುಗಳೇ, ಇಂದೇ ಮನೆಯಲ್ಲಿ ಕೇಳಿರಿ.