ಟ್ರ್ಯಾಕ್ಟರಿನ ನಿಲುಗಡೆ ಬ್ರೇಕು ಜಾರಿದಾಗ

ನಿಂತಿರುವ ಟ್ರ್ಯಾಕ್ಟರಿನಿಂದ ಅಪಾಯವಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಕಾಲುವೆಯ ಏರಿಯ ಮೇಲೋ ಇಳಿಜಾರಿನಲ್ಲೋ ನಿಲ್ಲಿಸಿದ ಟ್ರ್ಯಾಕ್ಟರು ಚಾಲಕನಿಲ್ಲದೆ ಉರುಳತೊಡಗಿದರೆ, ಹಿಂದೆ ನಿಂತು ಟ್ರೈಲರ್ ಜೋಡಿಸುತ್ತಿರುವವರಿಗಾಗಲಿ ಸಮೀಪದಲ್ಲಿ ಆಡುತ್ತಿರುವ ಮಕ್ಕಳಿಗಾಗಲಿ ತಪ್ಪಿಸಿಕೊಳ್ಳಲು ಅವಕಾಶ ದೊರೆಯದು. ಆದ್ದರಿಂದ ನಿಲುಗಡೆ ಬ್ರೇಕು ಜಾರುವುದು ಕಂಡುಬಂದ ದಿನವೇ ಅದನ್ನು ಸರಿಪಡಿಸುವುದು ಅವಶ್ಯಕ.

ನಮ್ಮ ದೇಶದ ಅನೇಕ ಟ್ರ್ಯಾಕ್ಟರುಗಳಲ್ಲಿ ನಿಲುಗಡೆಗೆಂದು ಪ್ರತ್ಯೇಕ ಬ್ರೇಕು ಇರುವುದಿಲ್ಲ. ಎಡ ಮತ್ತು ಬಲ ಹಿಂಚಕ್ರಗಳ ಬ್ರೇಕು ಪೆಡಲುಗಳನ್ನು ಚಿಲಕದಿಂದ ಜೋಡಿಸಿ, ಒಟ್ಟಿಗೆ ಒತ್ತಿ, ಹಲ್ಲುಳ್ಳ ಕೊಂಡಿಯಿಂದ ಅದೇ ಸ್ಥಿತಿಯಲ್ಲಿ ಬಂಧಿಸಲಾಗುತ್ತದೆ. ಅಂದರೆ, ಕೊಂಡಿಯು ಪೆಡಲನ್ನು ಮಾತ್ರ ಹಿಡಿಯುತ್ತದೆ. ಚಕ್ರವನ್ನು ಹಿಡಿಯುವುದು ಬ್ರೇಕೇ.

ದೋಷದ ಮೂಲವನ್ನು ಇದರಿಂದಲೇ ಗುರುತಿಸಬಹುದು. ಬಂಧಿಸಿದ ಪೆಡಲು ತಾನಾಗಿ ಮೇಲೆದ್ದರೆ ಕೊಂಡಿಯ ಹಲ್ಲುಗಳು ಸವೆದಿರಬಹುದು ಅಥವಾ ಸ್ಪ್ರಿಂಗು ದುರ್ಬಲವಾಗಿರಬಹುದು. ಅಂತಹ ಭಾಗವನ್ನು ಬದಲಾಯಿಸಬೇಕು. ಪೆಡಲು ಕದಲದೆ ಟ್ರ್ಯಾಕ್ಟರು ಮಾತ್ರ ಸರಿದರೆ, ಪೆಡಲಿನ ಸಡಿಲ ಚಲನೆ ಹೆಚ್ಚಾಗಿದೆ ಅಥವಾ ಲೈನಿಂಗು ಸವೆದಿದೆ ಎಂದು ತಿಳಿಯಬೇಕು. ಟ್ರ್ಯಾಕ್ಟರು ಒಂದು ಬದಿಗೆ ವಾಲಿಕೊಂಡು ಉರುಳಿದರೆ ಒಂದೇ ಚಕ್ರದ ಬ್ರೇಕು ಹಿಡಿಯುತ್ತಿದೆ ಎಂದರ್ಥ.

ಹೊಂದಾಣಿಕೆಗೆ ಮುನ್ನ ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ನನ್ನು ಆರಿಸಿ, ಚಕ್ರಗಳ ಹಿಂದೆ ಮುಂದೆ ಮರದ ತುಂಡುಗಳನ್ನು ಒಡ್ಡತಕ್ಕದ್ದು. ಬಳಿಕ ಬ್ರೇಕು ಸರಳಿನ ಲಾಕ್ ನಟ್ಟನ್ನು ಸಡಿಲಿಸಿ, ಸಡಿಲ ಚಲನೆಯನ್ನು ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಅಳತೆಗೆ ತಂದು, ನಟ್ಟನ್ನು ಮತ್ತೆ ಬಿಗಿಗೊಳಿಸಬೇಕು. ಎರಡೂ ಪೆಡಲುಗಳ ಅಳತೆ ಸಮನಾಗಿರಲೇಬೇಕು. ಅಗತ್ಯಕ್ಕಿಂತ ಹೆಚ್ಚು ಬಿಗಿಗೊಳಿಸಿದರೆ ಚಾಲನೆಯ ವೇಳೆಯೂ ಬ್ರೇಕು ಉಜ್ಜಿ, ಕಾದು, ಲೈನಿಂಗು ಬೇಗನೆ ಹಾಳಾಗುತ್ತದೆ.

ಹೊಂದಾಣಿಕೆಯ ನಂತರವೂ ಬ್ರೇಕು ಜಾರಿದರೆ ಲೈನಿಂಗನ್ನು ಪರೀಕ್ಷಿಸಬೇಕಾಗುತ್ತದೆ. ಒಣ ಬ್ರೇಕಿನ ಲೈನಿಂಗಿಗೆ ಎಣ್ಣೆ ತಗುಲಿದ್ದರೆ, ಸೋರುವ ಸೀಲನ್ನು ಮೊದಲು ಬದಲಾಯಿಸದೆ ಹೊಸ ಲೈನಿಂಗು ಹಾಕುವುದು ವ್ಯರ್ಥ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅದರ ಧೂಳನ್ನು ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಈ ಕೆಲಸವನ್ನು ನುರಿತ ಮೆಕ್ಯಾನಿಕ್ಕಿಗೆ ವಹಿಸುವುದು ಲೇಸು.

ದುರಸ್ತಿಯ ನಂತರ ನಿರ್ಜನ ಸ್ಥಳದಲ್ಲಿ ನಿಧಾನವಾಗಿ ಚಲಿಸುತ್ತ, ಜೋಡಿಸಿದ ಪೆಡಲುಗಳನ್ನು ಒತ್ತಿ ನೋಡಬೇಕು. ಟ್ರ್ಯಾಕ್ಟರು ಯಾವ ಬದಿಗೂ ಎಳೆಯದೆ ನೇರವಾಗಿ ನಿಲ್ಲಬೇಕು.

ಬ್ರೇಕು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅದೊಂದನ್ನೇ ನಂಬುವುದು ಸಲ್ಲದು. ಏರುಮುಖವಾಗಿ ನಿಲ್ಲಿಸಿದಾಗ ಮೊದಲನೆಯ ಗೇರು, ಇಳಿಮುಖವಾಗಿ ನಿಲ್ಲಿಸಿದಾಗ ಹಿಮ್ಮುಖ ಗೇರು ಹಾಕಿರಬೇಕು. ಟ್ರೈಲರ್ ಇದ್ದಲ್ಲಿ ಅದರ ಚಕ್ರಗಳಿಗೂ ಒಡ್ಡು ಕೊಡಬೇಕು. ಮಧ್ಯಪ್ರದೇಶದ ಬುದ್ನಿಯಲ್ಲಿಯೂ ಆಂಧ್ರಪ್ರದೇಶದ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿಯೂ ಇರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಹಾಗೂ ಪರೀಕ್ಷಾ ಸಂಸ್ಥೆಗಳಲ್ಲಿ ಟ್ರ್ಯಾಕ್ಟರುಗಳ ನಿರ್ವಹಣೆಯ ತರಬೇತಿಯನ್ನು ಪಡೆಯಬಹುದು. ಮರದ ಎರಡು ತುಂಡುಗಳನ್ನು ಸದಾ ಟ್ರ್ಯಾಕ್ಟರಿನಲ್ಲಿ ಇರಿಸಿಕೊಳ್ಳುವ ಅಭ್ಯಾಸಕ್ಕಾದರೋ ಯಾವ ತರಬೇತಿಯೂ ಬೇಕಿಲ್ಲ. ಅದನ್ನು ಇಂದೇ ಆರಂಭಿಸಬಹುದು.